ಮನೆಯಲ್ಲೇ ಮಾಡಿದ ಫೇಸ್ ಆಯಿಲ್, ನಾಲ್ಕೇ ದಿನಕ್ಕೆ ಉರಿ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. 30 ಮಿ.ಲೀ. ಬಾದಾಮಿ ಎಣ್ಣೆಗೆ 20 ಹನಿ ಲ್ಯಾವೆಂಡರ್, 10 ಹನಿ ಟೀ ಟ್ರೀ, 10 ಹನಿ ನಿಂಬೆಯ ಎಸೆನ್ಷಿಯಲ್ ಆಯಿಲ್ (ಗಿಡದಿಂದ ತೆಗೆದ ಗಾಢ ಪರಿಮಳದ ಎಣ್ಣೆ) ಹಾಕಿ ಫೇಸ್ ಆಯಿಲ್ ಮಾಡಿದೆ. ಲ್ಯಾವೆಂಡರ್ ಮಾತ್ರ ಎರಡು ವರ್ಷ ಹಳೆಯದು. ಬೆಳಿಗ್ಗೆ, ರಾತ್ರಿ ಹಚ್ಚಿಕೊಂಡೆ. ನಾಲ್ಕನೇ ದಿನಕ್ಕೆ ಕೆನ್ನೆ ಕೆಂಪಾಗಿ ಉರಿಯುತ್ತಿದೆ. ಒಳಗಿನ ಕೊಳೆ ಹೊರಗೆ ಬರುವಾಗ ಹೀಗಾಗುತ್ತದೆ, ನಿಲ್ಲಿಸಬೇಡ ಅಂತ ಗೆಳತಿ ಹೇಳುತ್ತಾಳೆ. ಹೌದಾ?

ಚರ್ಮದ ವೈದ್ಯೆ: ಇಲ್ಲಮ್ಮ, ಇವತ್ತೇ ನಿಲ್ಲಿಸಿ. ಕೊಳೆಯೂ ಇಲ್ಲ, ಗಿಳೆಯೂ ಇಲ್ಲ. ಚರ್ಮ ಕೆರಳಿದೆ ಅಷ್ಟೇ.

ನಿಮ್ಮ ಲೆಕ್ಕವನ್ನೇ ನೋಡೋಣ. ಡ್ರಾಪರ್ ಬೇರೆಯಾದರೆ ಹನಿಯ ಗಾತ್ರವೂ ಬೇರೆ. ಆದರೂ ಒಂದು ಮಿ.ಲೀ.ಗೆ ಸುಮಾರು 20 ಹನಿ ಅಂದುಕೊಳ್ಳಿ. 40 ಹನಿ ಎಂದರೆ 2 ಮಿ.ಲೀ. ಅಂದರೆ ಎಸೆನ್ಷಿಯಲ್ ಆಯಿಲ್ ಶೇ. 6ಕ್ಕೂ ಜಾಸ್ತಿ. ಮುಖಕ್ಕೆ ಶೇ. ಅರ್ಧದಿಂದ ಒಂದು ಸಾಕು. 30 ಮಿ.ಲೀ.ಗೆ 3ರಿಂದ 6 ಹನಿ, ಅದೂ ಎಲ್ಲಾ ಸೇರಿ. ಒಂದೊಂದರದ್ದೂ 6 ಅಲ್ಲ! ಈ ತಪ್ಪು ತುಂಬಾ ಜನ ಮಾಡುತ್ತಾರೆ.

ಹಳೆಯ ಲ್ಯಾವೆಂಡರ್ ಮೇಲೂ ನನಗೆ ಅನುಮಾನ. ಗಾಳಿ ತಾಗಿದಂತೆ ಅದರಲ್ಲಿರುವ ಲಿನಲೂಲ್ ಎಂಬ ಪರಿಮಳದ ಅಂಶ ಬದಲಾಗಿ ಅಲರ್ಜಿ ತರಿಸುವ ವಸ್ತುವಾಗುತ್ತದೆ. ಟೀ ಟ್ರೀ ಕೂಡ ಹಳೆಯದಾದರೆ ಇದೇ ಕಥೆ. ವಾಸನೆ ಚೆನ್ನಾಗಿದೆ ಅಂತ ನಂಬಬೇಡಿ. ಇನ್ನು ನಿಂಬೆ ಎಣ್ಣೆ. ಸಿಪ್ಪೆ ಹಿಂಡಿ ತೆಗೆದದ್ದಾದರೆ, ಹಚ್ಚಿಕೊಂಡು ಬಿಸಿಲಿಗೆ ಹೋದಾಗ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು. ನೀವು ಬೆಳಿಗ್ಗೆಯೂ ಹಚ್ಚಿದ್ದೀರಿ, ಅಲ್ವಾ?

ಈಗ ಸೌಮ್ಯವಾದ ಕ್ಲೆನ್ಸರ್‌ನಿಂದ ತೊಳೆದು, ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಮಾತ್ರ ಹಚ್ಚಿ. ಊದಿಕೊಂಡರೆ, ಗುಳ್ಳೆ ಎದ್ದರೆ, ಕಣ್ಣಿನ ಸುತ್ತ ಹರಡಿದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ.

ಪ್ರಶ್ನೆ (ಅವರೇ): ಮುಂದೆ ಮಾಡುವುದಾದರೆ ಹೇಗೆ ಮಾಡಲಿ?

ಚರ್ಮದ ವೈದ್ಯೆ: ಚರ್ಮ ಪೂರ್ತಿ ಸರಿಹೋಗಲಿ. ಆಮೇಲೆ ಜೊಜೊಬಾ ಎಣ್ಣೆ ಒಂದನ್ನೇ ತೆಗೆದುಕೊಳ್ಳಿ. ನಿಜದಲ್ಲಿ ಅದು ಎಣ್ಣೆಯೇ ಅಲ್ಲ, ದ್ರವರೂಪದ ಮೇಣ. ಬೇಗ ಕಮಟು ವಾಸನೆ ಬರುವುದಿಲ್ಲ. ಮುಖ ಸ್ವಲ್ಪ ಒದ್ದೆ ಇರುವಾಗ ಮೂರ್ನಾಲ್ಕು ಹನಿ ಸಾಕು. ಎಣ್ಣೆ ನೀರು ಕೊಡುವುದಿಲ್ಲ, ಇದ್ದ ನೀರು ಆರದಂತೆ ತಡೆಯುತ್ತದೆ. ಎಸೆನ್ಷಿಯಲ್ ಆಯಿಲ್ ಸುಮ್ನೆ ಪರಿಮಳಕ್ಕೆ ಅನ್ನುವುದಾದರೆ ಅದಿಲ್ಲದೆಯೂ ನಡೆಯುತ್ತದೆ. ನಿಮಗಂತೂ ಈಗ ಬೇಡವೇ ಬೇಡ. ಸಾದಾ ಎಣ್ಣೆಯನ್ನೂ ಮೊದಲು ಮೊಣಕೈಯ ಒಳಭಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಒಂದೇ ರಾತ್ರಿ ನೋಡಿದರೆ ಸಾಲದು, ಅಲರ್ಜಿ ತಡವಾಗಿಯೂ ಕಾಣಿಸಿಕೊಳ್ಳುತ್ತದೆ.

ಇನ್ನೊಬ್ಬರು: ನಾನು ಎಣ್ಣೆಗೆ ರೋಸ್ ವಾಟರ್ ಸೇರಿಸಿ ಇಟ್ಟುಕೊಳ್ಳುತ್ತೇನೆ. ಕೆಡದಿರಲಿ ಅಂತ ವಿಟಮಿನ್ ಇ ಹಾಕಿದ್ದೇನೆ. ಪರವಾಗಿಲ್ಲವಾ?

ಚರ್ಮದ ವೈದ್ಯೆ: ನೀರು ಸೇರಿದ ಕಡೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ನಿಧಾನ ಮಾಡುತ್ತದೆ, ಬೂಷ್ಟನ್ನು ತಡೆಯುವುದಿಲ್ಲ. ಎಣ್ಣೆ, ರೋಸ್ ವಾಟರ್ ಎರಡನ್ನೂ ಬೇರೆ ಬೇರೆ ಇಡಿ. ಎಣ್ಣೆಗೆ ಕಡುಬಣ್ಣದ ಗಾಜಿನ ಸೀಸೆ ಒಳ್ಳೆಯದು.

ಪ್ರಶ್ನೆ (ಮೊದಲಿನವರು): ಉಳಿದ ಎಣ್ಣೆ ಚೆಲ್ಲಲು ಮನಸ್ಸಿಲ್ಲ ಡಾಕ್ಟ್ರೇ. ಕಾಲಿಗಾದರೂ ಹಚ್ಚಲಾ?

ಚರ್ಮದ ವೈದ್ಯೆ: ಬೇಡಮ್ಮ. ಅಲರ್ಜಿಯೇ ಆಗಿದ್ದರೆ ಕಾಲಿಗೆ ಹಚ್ಚಿದರೂ ಅಲರ್ಜಿಯೇ.