‘ಒಡ್ಡಿಕೆ’ಗೆ ಬದಲಿ ಪದ ಬೇಕು

ಎಲ್ಲರಿಗೂ ಶರಣು.

ಕಲಬುರಗಿ ಸುತ್ತಿನ ಹಳ್ಳಿಗಳ ಬಸುರಿಯರಿಗಾಗಿ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಮೊಬೈಲು, ಟವರು, ಹೊಟ್ಟೆಯಲ್ಲಿರುವ ಕೂಸಿನ ಮಿದುಳು, ಇವೇ ವಿಷಯ. ‘ಎಕ್ಸ್‌ಪೋಷರ್’, ಅಂದರೆ ಅಲೆಗೋ ಕಿರಣಕ್ಕೋ ಮೈ ಒಡ್ಡಿಕೊಳ್ಳುವುದು, ಆ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮೊದಲು ‘ಒಡ್ಡಿಕೆ’ ಅಂತ ಬರೆದಿದ್ದೆ. ತೊಗರಿ ಹೊಲದಲ್ಲಿ ದುಡಿಯುವ ಒಬ್ಬ ಅವ್ವನಿಗೆ ಓದಿ ಹೇಳಿದೆ. “ಒಡ್ಡು ಹಾಕಿದ್ರ ನೀರು ನಿಂದರ್ತದಲ್ರೀ, ಹಂಗಾದ್ರ ಒಳ್ಳೇದೇ ಆಯ್ತಲ್ಲ?” ಎಂದರು. ಅವರ ಮಾತು ಸರಿಯೇ. ಹೊಲದ ಒಡ್ಡು ನೀರನ್ನು ತಡೆಯುತ್ತದೆ. ‘ಮೈಯೊಡ್ಡು’ ಅನ್ನುವ ಅರ್ಥ ಅವರಿಗೆ ಹೊಳೆಯಲೇ ಇಲ್ಲ. ನಾನು ಬರೆದದ್ದು ಪೂರ್ತಿ ತಿರುಗಾಮುರುಗಾ ಆಗಿತ್ತು.

ಬದಲಿಗೆ ‘ಬಡಿ’ ಇದೆ. ಬೇಸಿಗೆಯಲ್ಲಿ ನಮಗೆ ಬಿಸಿಲು ಬಡಿಯುತ್ತದೆ. ಆದರೆ ಬಡಿಯಿತು ಅಂದರೆ ಕೇಡು ಆಗಿಯೇ ಹೋಯಿತು. ‘ಸೋಕು’ ಅಂದರೆ ಸೋಂಕು ನೆನಪಾಗುತ್ತದೆ, ಕೊರೊನಾ ಆದಮೇಲಂತೂ ಜಾಸ್ತಿ.

ಇಲ್ಲಿ ಪದವೇ ತೀರ್ಪು ಕೊಡಬಾರದು. ಎಕ್ಸ್‌ರೇ ಜಾತಿಯ ಕಿರಣಕ್ಕೆ ಮೈಯೊಳಗಿನ ಅಣುಗಳನ್ನು ಒಡೆಯುವ ಕಸುವಿದೆ. 1945ರಲ್ಲಿ ಹಿರೋಷಿಮಾ, ನಾಗಸಾಕಿಯಲ್ಲಿ ಅಣುಬಾಂಬಿನ ಅಂಥ ಕಿರಣ ತಗುಲಿದಾಗ ಹೊಟ್ಟೆಯಲ್ಲಿದ್ದ ಕೂಸುಗಳ ಪೈಕಿ 8ರಿಂದ 15ನೇ ವಾರದವುಗಳ ಮಿದುಳಿಗೆ ಹೆಚ್ಚು ಪೆಟ್ಟು ಬಿದ್ದಿತ್ತು. ಮೊಬೈಲಿನ ಅಲೆಗೆ ಆ ಕಸುವಿಲ್ಲ. ಖಚಿತವಾಗಿ ಗೊತ್ತಿರುವುದು ಅದು ಮೈಯನ್ನು ತುಸು ಬಿಸಿ ಮಾಡುತ್ತದೆ ಎಂಬುದು. ನಮ್ಮ ದೇಶದಲ್ಲಿ ಫೋನಿನ ಅಲೆಯಿಂದ ಮೈ ಹೀರುವ ಶಕ್ತಿಗೆ ಕಿಲೋಗೆ 1.6 ವ್ಯಾಟ್ ಮಿತಿ ಇರುವುದು ಅದಕ್ಕೇ. ಕೂಸಿನ ಮಿದುಳಿಗೆ ಅದರಿಂದ ಕೇಡು ಎಂದು ಸಾಬೀತಾಗಿಲ್ಲ, ಅಧ್ಯಯನ ಇನ್ನೂ ನಡೆದಿದೆ. ಇಷ್ಟೆಲ್ಲ ಫರಕು ಇದ್ದರೂ ಎರಡಕ್ಕೂ ‘ವಿಕಿರಣ’ ಅಂತಲೇ ಬರೆಯುತ್ತೇವೆ. ಹೆದರಿಕೆ ಶುರುವಾಗುವುದು ಅಲ್ಲೇ, ಅಲ್ವಾ? ನಾನಂತೂ ಫೋನಿಗೆ ‘ಅಲೆ’, ಎಕ್ಸ್‌ರೇಗೆ ‘ಕಿರಣ’ ಎಂದು ಬೇರೆ ಮಾಡಿದ್ದೇನೆ.

ಎಕ್ಸ್‌ಪೋಷರ್‌ಗೆ ನನ್ನ ಮನಸ್ಸು ‘ಬೀಳು’ ಕಡೆಗಿತ್ತು. ಬೆಳಕು ಬೀಳುತ್ತದೆ, ನೆರಳೂ ಬೀಳುತ್ತದೆ. ಒಳ್ಳೆಯದೋ ಕೆಟ್ಟದ್ದೋ ಅದು ಹೇಳುವುದಿಲ್ಲ. ‘ಎಷ್ಟು ಹೊತ್ತು ಬಿತ್ತು’ ಎಂದು ಅಳತೆಗೂ ಒಗ್ಗುತ್ತದೆ. ಫೋನು ಮೈಯಿಂದ ದೂರ ಇಟ್ಟರೆ ಕಡಿಮೆ ಬೀಳುತ್ತದೆ ಅಂದರೆ ಯಾರಿಗೂ ತಿಳಿಯುತ್ತದೆ. ಆದರೆ ಬಸುರಿಯ ಮುಂದೆ ‘ಬಿತ್ತು’ ಎನ್ನಲು ನಾಲಿಗೆ ಏಳುವುದಿಲ್ಲ. ಗರ್ಭ ಹೋದಾಗಲೂ ಅದೇ ಮಾತು ಬರುತ್ತದೆ.

ಬೀದರ್, ಯಾದಗಿರಿ ಕಡೆಯವರು ದಯವಿಟ್ಟು ಹೇಳಿ. ಬಾಣಂತಿ ಬೆಳಿಗ್ಗೆ ಕೂಸನ್ನು ಸ್ವಲ್ಪ ಹೊತ್ತು ಎಳೆ ಬಿಸಿಲಲ್ಲಿ ಮಲಗಿಸುತ್ತಾಳಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ?