ಪದಚರ್ಚೆ: ಜೆರೇನಿಯಂ ಗಿಡವನ್ನು ಚಳಿಗಾಲ ‘ದಾಟಿಸುವುದೋ’, ಚಳಿಗೆ ‘ಎತ್ತಿಡುವುದೋ’?

ಎಲ್ಲರಿಗೂ ನಮಸ್ಕಾರ.

ಟೊರಾಂಟೊದಲ್ಲಿ ಅಕ್ಟೋಬರ್ ಬಂತೆಂದರೆ ಜೆರೇನಿಯಂ ಕುಂಡಗಳನ್ನು ಒಳಗೆ ತರಬೇಕು. ತವರು ದಕ್ಷಿಣ ಆಫ್ರಿಕಾ. ಹೆಪ್ಪುಗಟ್ಟುವ ಚಳಿ ತಡೆಯದು. (ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ಜೆರೇನಿಯಂ ಕುಲದಿಂದ 1789ರಲ್ಲೇ ಬೇರೆಯಾದ ಪೆಲಾರ್ಗೋನಿಯಂ. ಕಾಯಿ ಹಕ್ಕಿಯ ಕೊಕ್ಕಿನಂತಿರುವುದರಿಂದ ಕ್ರೌಂಚದ ಗ್ರೀಕ್ ಹೆಸರಿನಿಂದ ‘ಜೆರೇನಿಯಂ’, ಕೊಕ್ಕರೆಯ ಗ್ರೀಕ್ ಹೆಸರಿನಿಂದ ‘ಪೆಲಾರ್ಗೋನಿಯಂ’.) ಹೀಗೆ ಚಳಿಗಾಲ ಕಳೆಯುವಂತೆ ಮಾಡುವುದಕ್ಕೆ ಇಲ್ಲಿ ‘ಓವರ್‌ವಿಂಟರ್’ ಎನ್ನುತ್ತಾರೆ. ನಾವು ಏನೆನ್ನೋಣ?

ತೊಡಕೆಂದರೆ ವಿಧಾನಗಳು ಎರಡು. ದಕ್ಷಿಣದ ಕಿಟಕಿಯಲ್ಲಿಟ್ಟು ಆಗೊಮ್ಮೆ ಈಗೊಮ್ಮೆ ನೀರು ಕೊಟ್ಟರೆ ಗಿಡ ಎಚ್ಚರವಾಗಿಯೇ ಇರುತ್ತದೆ. ಇಲ್ಲವೇ ಬೇರಿನ ಮಣ್ಣು ಕೊಡವಿ, ಕಾಗದದ ಚೀಲಕ್ಕೆ ಹಾಕಿ, 7ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವ ನೆಲಮಾಳಿಗೆಯಲ್ಲಿಡಬಹುದು. ತಿಂಗಳಿಗೊಮ್ಮೆ ಬೇರನ್ನು ಒಂದೆರಡು ಗಂಟೆ ನೆನೆಸಿದರೆ ಸಾಕು. ಜನವರಿಯಲ್ಲಿ ತೆಗೆದು ನೋಡಿದರೆ ಒಣ ಪುಳ್ಳೆ. ಉಗುರಿನಿಂದ ಕೆರೆದರೆ ಒಳಗೆ ಹಸಿರು. ‘ಸುಪ್ತಾವಸ್ಥೆ’ ಇದಕ್ಕೆ ಒಪ್ಪುತ್ತದೆ, ಕಿಟಕಿಯ ಗಿಡಕ್ಕೆ ಒಪ್ಪದು.

‘ಕಾಲಗಳೆ’ಯ ಜಾಡಿನಲ್ಲಿ ‘ಚಳಿಗಳೆ’ ಮಾಡಿ ನೋಡಿದೆ. ಬಹುವಚನದಂತೆ ಕೇಳಿಸಿತು, ಸಾಲದ್ದಕ್ಕೆ ತೋಟದ ಪದದೊಳಗೇ ಕಳೆ ಬೆಳೆಯಿತು. ‘ಮಾಗಿ ಕಳೆಯಿಸು’ ಎಂದರೆ, ಮಾಗಿಯ ಚಳಿಯನ್ನು ಮರೆತವರಿಗೆ ಹಣ್ಣು ನೆನಪಾಗುತ್ತದೆ. ‘ಚಳಿ ಕಾಯಿಸು’ ಬೆಂಕಿಯ ಮುಂದೆ ಕೂತವರ ಕೆಲಸ. ‘ಚಳಿಗಾಲ ದಾಟಿಸು’ ಪರವಾಗಿಲ್ಲ: ಗಿಡ ದಾಟುತ್ತದೆ, ನಾವು ದಾಟಿಸುತ್ತೇವೆ, ಎರಡಕ್ಕೂ ಒಂದೇ ಧಾತು.

ಮಲೆನಾಡಿನ ಸಾಗರ ಊರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಚೀಲದ ಕಥೆ ಹೇಳಿದೆ. “ಡೇರೆ ಗೆಡ್ಡೆ ಎತ್ತಿಟ್ಟ ಹಾಗೆ ತಾನೇ?” ಎಂದು ಕೇಳಿದರು. ಹೌದು! ಡೇರೆಯ (ಡೇಲಿಯಾದ) ಮಳೆಗಾಲದ ಹೂವು ಮುಗಿದ ಮೇಲೆ ಗೆಡ್ಡೆ ಕಿತ್ತು, ಒಣಮಣ್ಣು ತುಂಬಿದ ಒಡಕು ಮಡಕೆಯಲ್ಲಿ ಹೂತು, ಮುಂದಿನ ಮಳೆಯವರೆಗೆ ಅಟ್ಟದ ಮೇಲಿಡುತ್ತಿದ್ದರು. ಅಲ್ಲಿ ದಾಟಬೇಕಾದದ್ದು ಬೇಸಿಗೆ, ಅಷ್ಟೇ ವ್ಯತ್ಯಾಸ.

‘ಚಳಿಗೆ ಎತ್ತಿಡು’ ಚೀಲದ ಗಿಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ದಿನವೂ ಕಣ್ಣೆದುರಿಗಿರುವ ಕಿಟಕಿಯ ಗಿಡವನ್ನು ‘ಎತ್ತಿಟ್ಟಿದ್ದೇನೆ’ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ನಿಮಗೆ ಹೇಗೆ ಕೇಳಿಸುತ್ತದೆ? ಮಲೆನಾಡು, ಕೊಡಗಿನ ಕಡೆಯವರು ಗೆಡ್ಡೆ ಕಾಪಿಡುವುದಕ್ಕೆ ಬೇರೆ ಕ್ರಿಯಾಪದ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.