ಕಾಫಿ ಪುಡಿ ದುಬಾರಿ: ಚಿಕೋರಿ ಜಾಸ್ತಿ ಇರೋದು ಕೊಂಡರೆ ಉಳಿತಾಯವಾ?

ಪ್ರಶ್ನೆ (ಗೃಹಿಣಿ, ಮೈಸೂರು): ನಮ್ಮದು ಐದು ಜನರ ಮನೆ. ದಿನಕ್ಕೆ ಎರಡು ಸಲ ಫಿಲ್ಟರ್ ಕಾಫಿ ಬೇಕೇ ಬೇಕು. ಇಷ್ಟು ದಿನ 80:20 ಪುಡಿ, ಅಂದರೆ 80 ಭಾಗ ಕಾಫಿಗೆ 20 ಭಾಗ ಚಿಕೋರಿ (ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ) ಬೆರೆಸಿದ್ದು ತರುತ್ತಿದ್ದೆವು. ಬೆಲೆ ಕೈಗೆ ಎಟುಕುತ್ತಿಲ್ಲ. ಅಂಗಡಿಯವರು "60:40 ತಗೊಳ್ಳಿ, ಕಿಲೋಗೆ ನೂರು ರೂಪಾಯಿ ಉಳಿಯುತ್ತೆ, ಡಿಕಾಕ್ಷನ್ನೂ ಗಟ್ಟಿ ಬರುತ್ತೆ" ಅಂತಾರೆ. ಪುಡಿ ವ್ಯಾಪಾರದವರು ಯಾರಾದರೂ ಇದ್ದರೆ ಹೇಳಿ, ನಿಜವಾ?

ಉತ್ತರ (ಕಾಫಿ ಹುರಿದು ಮಾರುವವನು): ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಅರ್ಧ ಲೆಕ್ಕ ಅಷ್ಟೆ. ಕಾಫಿಗೆ ಹೋಲಿಸಿದರೆ ಚಿಕೋರಿ ತುಂಬಾ ಅಗ್ಗ. ಹಾಗಾಗಿ ಮೊದಲು ಚಿಕೋರಿಯ ದುಡ್ಡು ಕಳೆಯಿರಿ, ಉಳಿದದ್ದು ಎಷ್ಟು ಕಾಫಿಗೆ ಕೊಟ್ಟ ದುಡ್ಡು ಅಂತ ನೋಡಿ.

ಸುಮ್ನೆ ಲೆಕ್ಕಕ್ಕೆ, ಚಿಕೋರಿ ಕಿಲೋಗೆ 200 ರೂಪಾಯಿ ಅಂದುಕೊಳ್ಳಿ. 80:20 ಪುಡಿ 860 ರೂಪಾಯಿ. ಅದರಲ್ಲಿ ಚಿಕೋರಿ 40 ರೂಪಾಯಿಯದು. ಉಳಿದ 820 ರೂಪಾಯಿಗೆ 800 ಗ್ರಾಂ ಕಾಫಿ, ಅಂದರೆ ಕಿಲೋ ಕಾಫಿಗೆ 1025. ಈಗ 60:40 ಪುಡಿ 760 ರೂಪಾಯಿ. ಚಿಕೋರಿ 80 ಕಳೆದರೆ 680 ರೂಪಾಯಿಗೆ 600 ಗ್ರಾಂ ಕಾಫಿ. ಕಿಲೋಗೆ 1133 ಬಿತ್ತು! ಅಗ್ಗದ ಪುಡಿಯಲ್ಲಿ ಕಾಫಿಯೇ ದುಬಾರಿ. ಕಾಫಿಗೆ ಅದೇ 1025ರ ದರ ಹಾಕಿ ಕೊಡುವುದಾದರೆ 60:40 ಪುಡಿ 695 ರೂಪಾಯಿಗೆ ಸಿಗಬೇಕು. ನಿಮ್ಮ ಅಂಗಡಿಯ ದರ ಹಾಕಿ ನೋಡಿ.

ಇನ್ನು "ಗಟ್ಟಿ" ಮಾತು. ಚಿಕೋರಿ ನೀರಲ್ಲಿ ಕಾಫಿಗಿಂತ ಎಷ್ಟೋ ಜಾಸ್ತಿ ಕರಗುತ್ತದೆ, ಬಣ್ಣವೂ ಕಪ್ಪು. ಅದಕ್ಕೇ ಡಿಕಾಕ್ಷನ್ ಗಟ್ಟಿ ಕಾಣುತ್ತದೆ. ಆದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲ. ಆ ರುಚಿ ಇಷ್ಟವಾದರೆ ಖಂಡಿತ ಕುಡಿಯಿರಿ. ಆದರೆ ಚಿಕೋರಿಗೆ ಕಾಫಿಯ ದುಡ್ಡು ಕೊಡಬೇಡಿ.

ಪ್ರಶ್ನೆ (ಇನ್ನೊಬ್ಬರು): ಬರೆದಷ್ಟೇ ಚಿಕೋರಿ ಇದೆ ಅಂತ ಗೊತ್ತಾಗೋದು ಹೇಗೆ?

ಉತ್ತರ: ಪ್ಯಾಕೆಟ್ ಮೇಲೆ ಎರಡರ ಶೇಕಡಾವಾರು ಬರೆದಿರಲೇಬೇಕು. ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಶುದ್ಧ ಕಾಫಿ ಅಂತ ಕೊಟ್ಟಿದ್ದರೆ ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಮುಳುಗುತ್ತದೆ. ಎಷ್ಟು ಬೆರೆಸಿದ್ದಾರೆ ಅನ್ನೋದು ಇದರಿಂದ ತಿಳಿಯಲ್ಲ. ಎದುರಿಗೇ ಬೀಜ ತೂಗಿ, ಚಿಕೋರಿ ತೂಗಿ, ಪುಡಿ ಮಾಡಿಕೊಡುವ ಅಂಗಡಿಯೇ ಒಳ್ಳೆಯದು.

ಪ್ರಶ್ನೆ (ಹಾಸನದವರು): ಬೆಳೆಯೋದು ನಮ್ಮೂರಲ್ಲೇ. ನಮಗೇ ಯಾಕೆ ಈ ಬೆಲೆ? ಪೀಬೆರಿಗೆ ಜಾಸ್ತಿ ಕೊಡಬಹುದಾ?

ಉತ್ತರ: ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದೇ: ಕೊಡಗು, ಚಿಕ್ಕಮಗಳೂರು, ಹಾಸನ. ಆದರೆ ಹೆಚ್ಚಿನದು ರಫ್ತಾಗುತ್ತದೆ, ಹಾಗಾಗಿ ದರ ಹೊರಗಿನದೇ. ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಅಂತ ಎರಡು ಮುಖ್ಯ ಜಾತಿ. ವಿಯೆಟ್ನಾಂನಲ್ಲಿ ಬರ ಬಂತು, ರೊಬಸ್ಟಾ ದರ ಏರಿತು. ಬ್ರೆಜಿಲ್‌ನಲ್ಲೂ ಮಳೆ ಕೈಕೊಟ್ಟಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ ಪೇಟೆಯಲ್ಲಿ ಅರೇಬಿಕಾ ಪೌಂಡ್‌ಗೆ 4 ಡಾಲರ್ ದಾಟಿತು. ಬೆಳೆಗಾರರಿಗೆ ಎಷ್ಟೋ ವರ್ಷಗಳ ನಂತರ ಒಳ್ಳೆ ದರ ಸಿಕ್ಕಿತು, ಅದನ್ನು ಬೈಯುವ ಮನಸ್ಸು ನನಗಿಲ್ಲ. ಹುರಿಯುವಾಗ ಕಿಲೋಗೆ 150ರಿಂದ 200 ಗ್ರಾಂ ತೂಕ ಹೋಗುತ್ತದೆ, ಅದೂ ಪುಡಿಯ ದರಕ್ಕೇ ಸೇರುತ್ತದೆ.

ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜ ಬೆಳೆದದ್ದು. ಕಡಿಮೆ ಸಿಗುತ್ತದೆ, ಅದಕ್ಕೇ ದರ. ಹಾಲು, ಸಕ್ಕರೆ, ಚಿಕೋರಿ ಬಿದ್ದ ಮೇಲೆ ವ್ಯತ್ಯಾಸ ಹಿಡಿಯೋರು ಅಪರೂಪ. (ಹೀಗೆಲ್ಲ ಬರೆದರೆ ನನ್ನ ವ್ಯಾಪಾರದ ಗತಿ!) ಅರೇಬಿಕಾ, ರೊಬಸ್ಟಾ ಅರ್ಧರ್ಧ ಬೆರೆಸಿ, 80:20 ಹಾಕಿಸಿ. ರೊಬಸ್ಟಾದಿಂದಲೇ ಗಟ್ಟಿತನ ಬರುತ್ತದೆ. ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಹಳೇ ಪುಡಿಗೆ ಘಮ ಇರಲ್ಲ, ಆಗ ಚಮಚ ಜಾಸ್ತಿ ಹಾಕ್ತೀರಿ.